ಗೊತ್ತಿಲ್ಲದವರಿಗೆ ಬರೆಯುವ ವಿದ್ಯೆ
(ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸವೆಂದರೆ ಒಬ್ಬ ಮಹನೀಯರ ಬಗೆಗೋ ಒಂದು ಕೃತಿಯ ಬಗೆಗೋ ಮಾತಾಡುವುದು ರೂಢಿ. ಈ ದತ್ತಿಯನ್ನು ಇಟ್ಟವರು ಉದಾರಿಗಳು. ಶಿಕ್ಷಣಕ್ಕೆ ಸಂಬಂಧಿಸಿದ ಯಾವ ವಿಷಯವಾದರೂ ಆದೀತು ಎಂದು ಆಯ್ಕೆಯನ್ನು ಮಾತಾಡುವವರಿಗೇ ಬಿಟ್ಟಿದ್ದಾರೆ. ಆ ಸಲಿಗೆಯಿಂದ ನನಗೆ ಹತ್ತಿರದ ಪ್ರಶ್ನೆಯೊಂದನ್ನು ಎತ್ತಿಕೊಂಡಿದ್ದೇನೆ. ವಿಶ್ವವಿದ್ಯಾಲಯದ ಸಂವಹನ ತರಗತಿಯಲ್ಲಿ ಕಲಿತದ್ದರಲ್ಲಿ ಕೊನೆಗೂ ಕೈಯಲ್ಲಿ ಉಳಿಯುವುದು ಯಾವುದು? ಅದು ಯಾರಿಗೆ ಬೇಕಾದ ವಿದ್ಯೆ?

ನಾನು ಸಂವಹನ ವಿಭಾಗದಲ್ಲಿ ಸ್ನಾತಕೋತ್ತರ ಪದವಿ ಓದಿದವನು. ಕೆಲಕಾಲ ಪತ್ರಿಕೆಯ ಡೆಸ್ಕಿನಲ್ಲಿ ಕೂತು, ಉಳಿದ ವೃತ್ತಿಜೀವನವನ್ನೆಲ್ಲ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪತ್ರಿಕೋದ್ಯಮ ಕಲಿಸುತ್ತ ಕಳೆದೆ. ನನ್ನ ತರಗತಿಯಲ್ಲಿ ಕೂತವರಲ್ಲಿ ಪತ್ರಕರ್ತರಾದವರು ಕೆಲವರೇ. ಮಿಕ್ಕವರು ಬ್ಯಾಂಕಿನಲ್ಲಿದ್ದಾರೆ, ಶಾಲೆಯಲ್ಲಿದ್ದಾರೆ, ಪಂಚಾಯಿತಿಯಲ್ಲಿ ಪಿಡಿಒ ಆಗಿದ್ದಾರೆ, ಅಡಿಕೆ ಮಂಡಿ ನೋಡಿಕೊಳ್ಳುತ್ತಿದ್ದಾರೆ. ಎದುರಾದಾಗ ‘ಆ ಕೋರ್ಸು ಉಪಯೋಗಕ್ಕೆ ಬಂತೇನಪ್ಪಾ?’ ಎಂದು ಕೇಳುತ್ತೇನೆ. ಹೆಚ್ಚಿನವರ ಉತ್ತರ ‘ಧೈರ್ಯ ಬಂತು ಸಾರ್’ ಎಂದು. ಸ್ಟೇಜ್ ಮೇಲೆ ಮಾತಾಡುವ ಧೈರ್ಯ, ಅಪರಿಚಿತರನ್ನು ಮಾತಾಡಿಸುವ ಧೈರ್ಯ. ಅದು ನಿಜವೇ. ಆದರೆ ಅದಕ್ಕೂ ಆಳದಲ್ಲಿ ಇನ್ನೊಂದು ಕಲಿಕೆ ಇದೆ, ಅದನ್ನು ಕಲಿತವರೂ ಸಾಮಾನ್ಯವಾಗಿ ಹೆಸರಿಟ್ಟು ಹೇಳುವುದಿಲ್ಲ ಎಂಬುದು ನನ್ನ ಎಣಿಕೆ.

ಒಂದನೇ ತರಗತಿಯಿಂದ ಪದವಿಯ ಕೊನೆಯ ಸೆಮಿಸ್ಟರಿನವರೆಗೆ ನಮ್ಮ ಹುಡುಗರು ಬರೆಯುವುದೆಲ್ಲ ಒಬ್ಬ ಓದುಗರಿಗಾಗಿ. ಅವರು ಪರೀಕ್ಷಕರು. ಈ ಓದುಗರಂಥವರು ಲೋಕದಲ್ಲಿ ಬೇರೆಲ್ಲೂ ಸಿಗುವುದಿಲ್ಲ. ಉತ್ತರ ಅವರಿಗೆ ಮೊದಲೇ ಗೊತ್ತು. ಬೇಸರವಾದರೂ ಓದದೆ ಬಿಡುವಂತಿಲ್ಲ, ಯಾಕೆಂದರೆ ಅದಕ್ಕೆ ಸಂಭಾವನೆ ಉಂಟು. ಬರೆದದ್ದು ಅರ್ಥವಾಗದಿದ್ದರೆ ಅವರಿಗೇನೂ ನಷ್ಟವಿಲ್ಲ. ಅಡಿಷನಲ್ ಶೀಟು ಹೆಚ್ಚಾದಷ್ಟೂ ಅಂಕ ಹೆಚ್ಚು ಎಂಬ ನಂಬಿಕೆ ಬೇರೆ. ಹದಿನೈದು ವರ್ಷ ಇಂಥ ಓದುಗರಿಗೇ ಬರೆದ ಕೈ ಯಾವ ಅಭ್ಯಾಸ ಕಲಿತೀತು? ಪೀಠಿಕೆ ಹಾಕುತ್ತದೆ, ಗೊತ್ತಿದ್ದನ್ನೆಲ್ಲ ಸುರಿಯುತ್ತದೆ, ಗೊತ್ತಿಲ್ಲದ್ದನ್ನು ದೊಡ್ಡ ಪದಗಳಿಂದ ಮುಚ್ಚುತ್ತದೆ.

ಸಂವಹನದ ತರಗತಿಗೆ ಬಂದ ದಿನ ಓದುಗರು ಬದಲಾಗುತ್ತಾರೆ. ಈಗ ಓದಬೇಕಾದವರು ನಮ್ಮನ್ನು ಕಂಡವರಲ್ಲ. ವಿಷಯ ಅವರಿಗೆ ಗೊತ್ತಿಲ್ಲ, ಓದಲೇಬೇಕೆಂಬ ಹಂಗೂ ಇಲ್ಲ. ಎರಡು ಸಾಲಿನಲ್ಲಿ ಮನಸ್ಸು ಹಿಡಿಯದಿದ್ದರೆ ಪುಟ ತಿರುವುತ್ತಾರೆ. ತಪ್ಪು ಓದಿಸಿದರೆ ನಷ್ಟ ಅವರಿಗೇ: ಬಸ್ಸು ತಪ್ಪೀತು, ಅರ್ಜಿಯ ಕೊನೆಯ ದಿನ ಕಳೆದುಹೋದೀತು. ಕೋರ್ಸು ಕೊಟ್ಟ ಬೇರೆ ಬೇರೆ ಕೌಶಲಗಳೆಲ್ಲ, ವರದಿ, ಸಂಪಾದನೆ, ಸಂದರ್ಶನ, ರೇಡಿಯೊ ಸ್ಕ್ರಿಪ್ಟು, ಮಾಧ್ಯಮ ಕಾನೂನು, ಈ ಒಂದು ಬದಲಾವಣೆಯ ಕವಲುಗಳು. ಪರೀಕ್ಷಕರಿಗೆ ಬರೆಯುವುದನ್ನು ಬಿಟ್ಟು ಗೊತ್ತಿಲ್ಲದವರಿಗೆ ಬರೆಯುವುದನ್ನು ಕಲಿಯುವುದು, ಇದೇ ನನ್ನ ಇಂದಿನ ಮಾತಿನ ತಿರುಳು.

ತರಗತಿಯೋ, ಡೆಸ್ಕೋ?

ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದದ್ದು 1843ರ ಜುಲೈ 1ರಂದು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮದ ಬೋಧನೆ ಶುರುವಾದದ್ದು 1951ರಲ್ಲಿ, ಅಮೆರಿಕದಲ್ಲಿ ಆ ಶಾಸ್ತ್ರ ಓದಿ ಬಂದಿದ್ದ ನಾಡಿಗ ಕೃಷ್ಣಮೂರ್ತಿಯವರ ನೇತೃತ್ವದಲ್ಲಿ. ನಡುವೆ ನೂರು ವರ್ಷಕ್ಕೂ ಹೆಚ್ಚಿನ ಅಂತರ. ಅಷ್ಟು ಕಾಲ ಕನ್ನಡ ಪತ್ರಿಕೆಗಳು ಕೋರ್ಸಿನ ಹಂಗಿಲ್ಲದೆ ನಡೆದವು. ಡಿ.ವಿ. ಗುಂಡಪ್ಪನವರು ಯಾವ ವಿಭಾಗದಲ್ಲಿ ಓದಿ ಸಂಪಾದಕರಾದರು? ಹೀಗಾಗಿ ‘ಇದೆಲ್ಲ ಕ್ಲಾಸಿನಲ್ಲಿ ಕಲಿಯೋದಲ್ಲ, ಡೆಸ್ಕಿನಲ್ಲಿ ಬೈಸಿಕೊಂಡು ಕಲಿಯೋದು’ ಎಂಬ ಹಿರಿಯ ಪತ್ರಕರ್ತರ ಮಾತಿಗೆ ಆಧಾರವಿಲ್ಲದೆ ಇಲ್ಲ.

ಆದರೆ ಒಳ್ಳೆಯ ಸಂವಹನ ಶಾಲೆಗಳು ಈ ಆಕ್ಷೇಪವನ್ನು ಮೊದಲೇ ಅರಿತಿದ್ದವು. ವಾಲ್ಟರ್ ವಿಲಿಯಮ್ಸ್ 1908ರಲ್ಲಿ ಮಿಸ್ಸೂರಿ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಶಾಲೆ ತೆರೆದಾಗ, ತರಗತಿ ಆರಂಭವಾದ ದಿನವೇ ವಿದ್ಯಾರ್ಥಿಗಳ ಕೈಯಲ್ಲಿ ಪತ್ರಿಕೆಯೊಂದನ್ನು ಹೊರಡಿಸಿದರು. ಊರಿನವರು ಓದುವ ನಿಜವಾದ ಪತ್ರಿಕೆ. ತಪ್ಪು ಬರೆದರೆ ಮರುದಿನ ಓದುಗರೇ ಬಾಗಿಲಿಗೆ ಬರುತ್ತಿದ್ದರು. ನಮ್ಮ ವಿಭಾಗಗಳು ಹೊರತರುವ ಪ್ರಾಯೋಗಿಕ ಪತ್ರಿಕೆಗಳ ಮೂಲ ಇದೇ. ಪಾಟೀಲ ಪುಟ್ಟಪ್ಪನವರು ಕ್ಯಾಲಿಫೋರ್ನಿಯಾದಲ್ಲಿ ಪತ್ರಿಕೋದ್ಯಮ ಓದಿ ಬಂದು ಹುಬ್ಬಳ್ಳಿಯಲ್ಲಿ ‘ಪ್ರಪಂಚ’ ನಡೆಸಿದರು. ಓದಿಗೂ ಗಟ್ಟಿ ಕನ್ನಡಕ್ಕೂ ವೈರವೇನೂ ಹುಟ್ಟಲಿಲ್ಲ.

ಡೆಸ್ಕಿನಲ್ಲಿ ಸಮಯವಿರುವುದಿಲ್ಲ. ಅಲ್ಲಿ ಮುಖ್ಯ ಉಪಸಂಪಾದಕರು ನಮ್ಮ ಕಾಪಿಯ ಮೊದಲ ಮೂರು ಪ್ಯಾರಾ ಹೊಡೆದುಹಾಕಿ ನಾಲ್ಕನೆಯದರಿಂದ ಅಚ್ಚಿಗೆ ಕಳಿಸುತ್ತಾರೆ, ಯಾಕೆಂದು ಹೇಳುವುದಿಲ್ಲ. ತರಗತಿಯಲ್ಲಿ ಆ ‘ಯಾಕೆ’ಗೆ ಜಾಗವಿತ್ತು. ಒಂದೇ ಸುದ್ದಿಯನ್ನು ಇಪ್ಪತ್ತು ಮಂದಿ ಇಪ್ಪತ್ತು ಬಗೆಯಲ್ಲಿ ಬರೆದು, ಗೋಡೆಗೆ ಅಂಟಿಸಿ, ಯಾವುದು ಓದಿಸಿಕೊಳ್ಳುತ್ತದೆ, ಯಾವುದು ಎಡವುತ್ತದೆ ಎಂದು ನೋಡುವ ಸೌಕರ್ಯ ಡೆಸ್ಕಿಗೆ ಎಲ್ಲಿಯದು?

ಯಾವುದು ಮೊದಲು

ಮೊದಲು ಕಲಿತದ್ದು ಲೀಡ್, ಅಂದರೆ ಸುದ್ದಿಯ ಮೊದಲ ಸಾಲು, ಬರೆಯುವುದು. ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ ಎಂಬ ಆರು ಪ್ರಶ್ನೆಗಳನ್ನು ಪಠ್ಯಪುಸ್ತಕ ಹೇಳುತ್ತಿತ್ತು. ಇಂಗ್ಲಿಷಿನಲ್ಲಿ ಇವನ್ನೆಲ್ಲ ಒಂದು ವಾಕ್ಯಕ್ಕೆ ತುಂಬಿದರೂ ಕ್ರಿಯಾಪದ ಮುಂದೆಯೇ ಬರುವುದರಿಂದ ಓದುಗರಿಗೆ ಏನಾಯಿತೆಂದು ಬೇಗ ತಿಳಿಯುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. ಅದೇ ಅಚ್ಚಿನಲ್ಲಿ ಕನ್ನಡ ಎರಕ ಹೊಯ್ದರೆ ಆಗುವುದು ಹೀಗೆ: ‘ಕಳೆದ ಮೂರು ದಿನಗಳಿಂದ ಎಡೆಬಿಡದೆ ಸುರಿಯುತ್ತಿರುವ ಮಳೆಯಿಂದಾಗಿ ತುಂಬಿ ಹರಿಯುತ್ತಿದ್ದ ಹಳ್ಳವನ್ನು ದಾಟಲು ಯತ್ನಿಸಿದ, ಶಾಲಾ ಮಕ್ಕಳನ್ನು ಕರೆದೊಯ್ಯುತ್ತಿದ್ದ ಆಟೊವೊಂದು ನೀರಿನಲ್ಲಿ ಸಿಲುಕಿದಾಗ ಸ್ಥಳೀಯ ಯುವಕರು ಹಗ್ಗದ ನೆರವಿನಿಂದ ಅದರಲ್ಲಿದ್ದ ಎಲ್ಲ ಮಕ್ಕಳನ್ನು ಸುರಕ್ಷಿತವಾಗಿ ದಡ ಸೇರಿಸಿದ ಘಟನೆ ಸೋಮವಾರ ನಡೆದಿದೆ.’

ಇದು ತರಗತಿಯ ಅಭ್ಯಾಸಕ್ಕಾಗಿ ಕಟ್ಟಿದ ವಾಕ್ಯ. ಆದರೂ ಇಂಥದು ನಿಮಗೆ ಅಪರಿಚಿತವಲ್ಲ. ಆ ಮಕ್ಕಳ ಪೈಕಿ ಒಬ್ಬರ ತಾಯಿ ಇದನ್ನು ಓದುತ್ತಿದ್ದಾರೆಂದು ಊಹಿಸಿ. ಮಗು ಬದುಕಿದೆಯೇ ಎಂದು ತಿಳಿಯಲು ಆಕೆ ಮಳೆ, ಹಳ್ಳ, ಆಟೊ, ಹಗ್ಗ ಎಲ್ಲವನ್ನೂ ದಾಟಿ ಬರಬೇಕು. ಬಂದ ಮೇಲೆ ಕೊನೆಯಲ್ಲಿ ಸಿಗುವ ಕ್ರಿಯಾಪದ ಹೇಳುವುದಾದರೂ ಏನು? ಒಂದು ಘಟನೆ ನಡೆದಿದೆ ಎಂದು! ಮೇಷ್ಟ್ರು ಇದನ್ನು ಹೀಗೆ ಒಡೆಸುತ್ತಿದ್ದರು: ‘ಹಳ್ಳದಲ್ಲಿ ಸಿಲುಕಿದ್ದ ಆಟೊದಲ್ಲಿನ ಶಾಲಾ ಮಕ್ಕಳೆಲ್ಲ ಪಾರಾಗಿದ್ದಾರೆ. ಊರಿನ ಯುವಕರು ಹಗ್ಗ ಕಟ್ಟಿ ಅವರನ್ನು ದಡ ಸೇರಿಸಿದರು.’ ಮಳೆ ಎಷ್ಟು ದಿನದಿಂದ ಸುರಿಯುತ್ತಿತ್ತು ಎಂಬುದು ಆಮೇಲೆ.

ಇದನ್ನು ಪತ್ರಿಕಾ ಭಾಷೆಯ ತಂತ್ರವೆಂದು ಬದಿಗಿಡುವಂತಿಲ್ಲ. ಏನು ಮೊದಲು ಎಂದು ನಿರ್ಧರಿಸಬೇಕಾದರೆ, ಓದುವವರಿಗೆ ಯಾವ ಆತಂಕ, ಯಾವ ಅಗತ್ಯ ಇದೆಯೆಂದು ಯೋಚಿಸಲೇಬೇಕು. ‘ಈ ಮೂಲಕ ಸಮಸ್ತ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ’ ಎಂದು ಶುರುವಾಗುವ ನೋಟಿಸನ್ನು ಪಂಚಾಯಿತಿ ಕಟ್ಟೆಯ ಮೇಲೆ ನೀವೆಲ್ಲ ಕಂಡಿದ್ದೀರಿ. ಗುರುವಾರ ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂಬ ಸಂಗತಿ ಏಳನೆಯ ಸಾಲಿನಲ್ಲಿ, ಆದೇಶದ ಸಂಖ್ಯೆಯ ಕೆಳಗೆ ಅಡಗಿರುತ್ತದೆ. ನನ್ನ ವಿದ್ಯಾರ್ಥಿಯೊಬ್ಬ ಈಗ ಪಿಡಿಒ; ಅವನ ಪಂಚಾಯಿತಿಯ ನೋಟಿಸುಗಳಲ್ಲಿ ದಪ್ಪಕ್ಷರದ ಮೊದಲ ಸಾಲೇ ‘ಗುರುವಾರ ನೀರು ಬರುವುದಿಲ್ಲ’. ಆದೇಶದ ಸಂಖ್ಯೆ ಕೆಳಗೆ ಸಣ್ಣದಾಗಿ. ಅವನ ಮಟ್ಟಿಗೆ ಲೀಡ್ ಪಾಠ ಸಾರ್ಥಕವಾಯಿತು.

ಅಂಕಿಯನ್ನು ಓದಿಸುವುದು

ಎರಡನೆಯದು ಅಂಕಿ. ಸಂವಹನ ಓದಲು ಬರುವವರಲ್ಲಿ ಬಹಳ ಮಂದಿ ಗಣಿತದಿಂದ ಓಡಿಬಂದವರು. ಇಲ್ಲಿಯೂ ಅದು ಬಿಡದು.

ಕಾವೇರಿ ಸುದ್ದಿಯನ್ನೇ ತೆಗೆದುಕೊಳ್ಳಿ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ ಎಂಬುದು ಮಂಡ್ಯದ ಶಾಲಾ ಮಕ್ಕಳಿಗೂ ಗೊತ್ತು. ನೀರು 100 ಅಡಿಗೆ ಬಂದಿದೆ ಎಂದು ಬರೆದರೆ ಓದುಗರ ಮನಸ್ಸು ತಕ್ಷಣ ಲೆಕ್ಕ ಹಾಕುತ್ತದೆ: ಐದರಲ್ಲಿ ನಾಲ್ಕು ಪಾಲು ತುಂಬಿದೆ. ವಾಸ್ತವದಲ್ಲಿ ಆಗ ಇರುವ ನೀರು ಜಲಾಶಯದ ಪೂರ್ಣ ಸಾಮರ್ಥ್ಯವಾದ 49.45 ಟಿಎಂಸಿಯ ಅರ್ಧಕ್ಕಿಂತ ಕಡಿಮೆ. ಕಣಿವೆ ಮೇಲೆ ಹೋದಂತೆ ಅಗಲವಾಗುವುದರಿಂದ ಮೇಲಿನ ಒಂದೊಂದು ಅಡಿಯಲ್ಲೂ ತಳದ ಅಡಿಗಳಿಗಿಂತ ಎಷ್ಟೋ ಹೆಚ್ಚು ನೀರು ನಿಲ್ಲುತ್ತದೆ. ಅಡಿಯ ಲೆಕ್ಕ ಮಾತ್ರ ಕೊಟ್ಟ ವರದಿ ಸುಳ್ಳಲ್ಲ. ಆದರೂ ಓದುಗರು ಸುಳ್ಳನ್ನೇ ನಂಬಿ ಎದ್ದು ಹೋಗುತ್ತಾರೆ.

ಕ್ಯೂಸೆಕ್‌ನದು ಇನ್ನೊಂದು ಕಥೆ. 2023ರ ಆಗಸ್ಟ್ ಕೊನೆಯಲ್ಲಿ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ 15 ದಿನ 5,000 ಕ್ಯೂಸೆಕ್ ನೀರು ಬಿಡುವಂತೆ ಕರ್ನಾಟಕಕ್ಕೆ ಸೂಚಿಸಿತು. ಇಂಥ ಸುದ್ದಿಗಳಲ್ಲಿ ‘ದಿನಕ್ಕೆ 5,000 ಕ್ಯೂಸೆಕ್’ ಎಂದು ಬರೆಯುವುದು ವಾಡಿಕೆ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ಹರಿವು. ಅದಕ್ಕೆ ‘ದಿನಕ್ಕೆ’ ಎಂದು ಸೇರಿಸಿದರೆ ಅರ್ಥ ಕಲಸುತ್ತದೆ. ಒಂದು ದಿನ ಎಡೆಬಿಡದೆ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ ಆಗುತ್ತದೆ. ಈ ಒಂದು ಸೂತ್ರ ಗೊತ್ತಿದ್ದವರು ಮೇಲಿನ ಆದೇಶವನ್ನು ಸುಮಾರು ಆರೂವರೆ ಟಿಎಂಸಿ ಎಂದು ಕಾಗದದ ಅಂಚಿನಲ್ಲೇ ಲೆಕ್ಕ ಹಾಕಬಲ್ಲರು. ಸುಪ್ರೀಂ ಕೋರ್ಟು 2018ರ ಫೆಬ್ರುವರಿ ತೀರ್ಪಿನಲ್ಲಿ ಸಾಮಾನ್ಯ ಮಳೆಯ ವರ್ಷಕ್ಕೆ ನಿಗದಿ ಮಾಡಿದ 177.25 ಟಿಎಂಸಿಯ ಪಕ್ಕ ಅದನ್ನಿಟ್ಟು ನೋಡಬಲ್ಲರು. ಆಮೇಲೆ ಸಿಟ್ಟು ಮಾಡಿಕೊಳ್ಳುವುದೋ ಸಮಾಧಾನ ಪಡುವುದೋ ಅವರವರ ನಿರ್ಧಾರ. ಆದರೆ ಅದು ಲೆಕ್ಕ ತಿಳಿದು ಮಾಡಿದ ನಿರ್ಧಾರ.

ಮಳೆಯ ಸುದ್ದಿಯಲ್ಲೂ ಅಷ್ಟೆ. ಹವಾಮಾನ ಇಲಾಖೆಯ ಪ್ರಕಾರ ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ ಮಳೆ. ಕೇಳಿದವರಿಗೆ ಕಣ್ಣಿಗೆ ಕಟ್ಟುವುದೇನು? ಒಂದು ಚದರ ಮೀಟರ್ ನೆಲದ ಮೇಲೆ ಬಿದ್ದ ಒಂದು ಮಿಲಿಮೀಟರ್ ಮಳೆ ಒಂದು ಲೀಟರ್ ನೀರು. ಹಾಗಾದರೆ ಬೆಂಗಳೂರಿನ 30×40 ಸೈಟಿನ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 11,000 ಲೀಟರಿಗೂ ಹೆಚ್ಚು. ಬೇಸಿಗೆಯಲ್ಲಿ ಟ್ಯಾಂಕರಿಗೆ ದುಡ್ಡು ಕೊಟ್ಟವರಿಗೆ ಈ ಅಂಕಿ ಬಿಡಿಸಿ ಹೇಳಬೇಕಾಗಿಲ್ಲ. ಶೇಕಡದ ಲೆಕ್ಕವನ್ನೂ ನೋಡಿ: ಪರೀಕ್ಷೆಯ ಫಲಿತಾಂಶ ಶೇ 40ರಿಂದ ಶೇ 50ಕ್ಕೆ ಏರಿದರೆ ಏರಿಕೆ ಹತ್ತು ಶೇಕಡಾಂಶ ಎನ್ನಬಹುದು, ಶೇ 25ರಷ್ಟು ಏರಿಕೆ ಎಂದೂ ಎನ್ನಬಹುದು. ಎರಡೂ ಸರಿ. ಹೊಗಳಬೇಕಾದವರು ಒಂದನ್ನು, ತೆಗಳಬೇಕಾದವರು ಇನ್ನೊಂದನ್ನು ಆರಿಸಿಕೊಳ್ಳುತ್ತಾರೆ. ಇದನ್ನು ಗುರುತಿಸಲು ಸಂಖ್ಯಾಶಾಸ್ತ್ರದ ಪದವಿ ಬೇಡ, ‘ಯಾವುದರ ಶೇಕಡ?’ ಎಂದು ಕೇಳುವ ಅಭ್ಯಾಸವಿದ್ದರೆ ಸಾಕು.

ಕೇಳುವ ಕಲೆ

ಸಂದರ್ಶನದ ಪಾಠದಲ್ಲಿ ನಮಗೆ ಮೊದಲು ಕಲಿಸಿದ್ದು ಯಾವ ಪ್ರಶ್ನೆ ಕೇಳಬಾರದು ಎಂಬುದನ್ನು. ‘ನಿಮಗೆ ಹೇಗನ್ನಿಸುತ್ತಿದೆ?’ ಎಂದು ಮನೆ ಕಳೆದುಕೊಂಡವರ ಮುಂದೆ ಮೈಕ್ ಹಿಡಿಯಬಾರದು. ‘ಅಧಿಕಾರಿಗಳು ನಿರ್ಲಕ್ಷ್ಯ ಮಾಡಿದರಲ್ಲವೇ?’ ಎಂದು ಉತ್ತರವನ್ನು ನಾವೇ ಬಾಯಿಗೆ ತುರುಕಬಾರದು. ‘ಆಮೇಲೆ?’ ಎಂಬ ಮೂರಕ್ಷರದ ಪ್ರಶ್ನೆಗೆ ಬರುವ ಉತ್ತರ ಉದ್ದನೆಯ ಪ್ರಶ್ನೆಗಳಿಗೆ ಬರುವುದಿಲ್ಲ. ಉತ್ತರ ಮುಗಿದಂತೆ ಕಂಡಾಗ ಕೂಡಲೇ ಮುಂದಿನ ಪ್ರಶ್ನೆಗೆ ಹಾರದೆ ಸ್ವಲ್ಪ ಸುಮ್ಮನಿದ್ದರೆ, ಎದುರಿಗಿದ್ದವರು ಆ ಮೌನವನ್ನು ತುಂಬಲು ಹೇಳುವ ಮಾತೇ ಅನೇಕ ಸಲ ಮುಖ್ಯವಾಗಿರುತ್ತದೆ. ಬರೆದುಕೊಂಡದ್ದನ್ನು ಓದಿಹೇಳಿ ‘ನೀವು ಹೇಳಿದ್ದು ಇದೇ ತಾನೆ?’ ಎಂದು ಖಾತ್ರಿ ಮಾಡಿಕೊಳ್ಳಬೇಕು.

ಈ ಕಲೆಗೆ ಪತ್ರಿಕೆಯಾಚೆ ಇರುವ ಬೆಲೆಗೆ ಒಂದು ಉದಾಹರಣೆ ಕೊಡುತ್ತೇನೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕರ್ನಾಟಕ ಮಾಡಿಕೊಂಡ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಈ ಮಿತಿ ನಾಗರಿಕರ ಹಕ್ಕನ್ನು ಮೊಟಕುಗೊಳಿಸುತ್ತದೆಂಬ ಟೀಕೆ ಇದೆ. ಆ ಟೀಕೆಯಲ್ಲಿ ಹುರುಳಿದೆ. ಆದರೆ ನಿಯಮ ಇರುವವರೆಗೆ 150 ಪದಗಳಲ್ಲಿ ಕೇಳಬಲ್ಲವರಿಗೇ ಉತ್ತರ ಸಿಗುವುದು. ‘ನಮ್ಮೂರ ರಸ್ತೆ ಆರೇ ತಿಂಗಳಲ್ಲಿ ಯಾಕೆ ಕಿತ್ತುಹೋಯಿತು?’ ಎಂದು ಕೇಳಿದರೆ, ಅಂಥ ಮಾಹಿತಿ ಕಡತದಲ್ಲಿ ಲಭ್ಯವಿಲ್ಲ ಎಂಬ ಉತ್ತರ ಬಂದೀತು. ‘ಯಾಕೆ’ ಎಂಬುದು ಯಾವ ಫೈಲಿನಲ್ಲೂ ಇರುವುದಿಲ್ಲ. ಅಂದಾಜು ಪಟ್ಟಿಯ ಪ್ರತಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಕಾಮಗಾರಿ ಮುಗಿದ ಪ್ರಮಾಣಪತ್ರ, ಗುತ್ತಿಗೆದಾರರ ದೋಷ ಹೊಣೆಗಾರಿಕೆಯ ಅವಧಿ ಎಂದು ಹೆಸರಿಟ್ಟು ಕೇಳಿದರೆ 30 ದಿನಗಳಲ್ಲಿ ಉತ್ತರಿಸಬೇಕಾದ ಹೊಣೆ ಇಲಾಖೆಯದು. ಬಂದ ಕಾಗದಗಳನ್ನು ಒಟ್ಟಿಗಿಟ್ಟರೆ ‘ಯಾಕೆ’ ತಾನಾಗಿಯೇ ಎದ್ದು ಕಾಣುತ್ತದೆ. ನಮ್ಮ ವರದಿಗಾರಿಕೆಯ ತರಗತಿಯಲ್ಲಿ ಕೊನೆಯ ಪರೀಕ್ಷೆಯಾಗಿ ನಾನು ಕೊಡುತ್ತಿದ್ದದ್ದು ಇದನ್ನೇ: ನಿಮ್ಮ ಊರಿನ ಒಂದು ಸಮಸ್ಯೆ, 150 ಪದ.

ಕಿವಿಗೆ ಬರೆಯುವುದು, ಕಿವಿಯಾಚೆಗಿನವರನ್ನು ತಿಳಿಯುವುದು

ಅರ್ಥಧಾರಿಗಳ ತಾಳಮದ್ದಳೆ ಕೇಳಿದ ನಾಡು ನಮ್ಮದು. ಅಲ್ಲಿ ಮಾತುಗಾರರ ಎದುರಿಗೇ ಸಭೆ ಇರುತ್ತದೆ. ತೂಕಡಿಕೆ ಕಂಡರೆ ಮಾತಿನ ದಾರಿ ಬದಲಾಗುತ್ತದೆ, ತಲೆದೂಗಿದರೆ ವಾದ ಇನ್ನೊಂದು ಸುತ್ತು ಬೆಳೆಯುತ್ತದೆ. ರೇಡಿಯೊದಲ್ಲಿ ಆ ಸೌಭಾಗ್ಯವಿಲ್ಲ. ಕೇಳುವವರು ಕಾಣುವುದಿಲ್ಲ, ಅವರು ಹಿಂದಿನ ವಾಕ್ಯಕ್ಕೆ ಮರಳಿ ಹೋಗುವಂತೆಯೂ ಇಲ್ಲ. ಆದ್ದರಿಂದ ಒಂದು ವಾಕ್ಯಕ್ಕೆ ಒಂದು ಸಂಗತಿ, ಅಂಕಿಯನ್ನು ಉಂಡೆ ಮಾಡಿ ಹೇಳುವುದು, ಹೇಳಿದವರು ಯಾರೆಂದು ಮಾತಿಗೆ ಮೊದಲೇ ತಿಳಿಸುವುದು, ಬರೆದದ್ದನ್ನು ಗಟ್ಟಿಯಾಗಿ ಓದಿ ಉಸಿರು ಸಿಕ್ಕಿಕೊಂಡ ಕಡೆ ಕತ್ತರಿಸುವುದು ಇವೆಲ್ಲ ಪ್ರಸಾರ ಪಾಠದ ಬಾಲಬೋಧೆ. ಬರಹದಲ್ಲೂ ಇದು ಕೆಲಸಕ್ಕೆ ಬರುತ್ತದೆ. ಗಟ್ಟಿಯಾಗಿ ಓದಲಾಗದ ವಾಕ್ಯ ಮನಸ್ಸಿನಲ್ಲೂ ಸಲೀಸಾಗಿ ಓದಿಸಿಕೊಳ್ಳುವುದಿಲ್ಲ.

1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಸಣ್ಣ ಬಾನುಲಿ ಕೇಂದ್ರ ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕರು. ಆ ಕೇಂದ್ರಕ್ಕಿದ್ದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶದ ಬಾನುಲಿಯದೇ ಹೆಸರಾಯಿತು. ಕೇಳುವವರ ಮನಸ್ಸನ್ನು ಅಭ್ಯಾಸ ಮಾಡುವವರೊಬ್ಬರು ಈ ನಾಡಿನಲ್ಲಿ ರೇಡಿಯೊಕ್ಕೆ ಪಾಯ ಹಾಕಿದರೆಂಬುದು ಸಂವಹನದ ವಿದ್ಯಾರ್ಥಿಗೆ ಹೆಮ್ಮೆಯ ಸಂಗತಿ.

ಇಲ್ಲಿ ಸಿದ್ಧಾಂತಗಳ ಬಗ್ಗೆಯೂ ಎರಡು ಮಾತು. ವಿದ್ಯಾರ್ಥಿಗಳು ಸಿದ್ಧಾಂತದ ಪೇಪರನ್ನು ಶಪಿಸುತ್ತಾರೆ. ಕ್ಲಾಡ್ ಶಾನನ್ 1948ರಲ್ಲಿ ಬೆಲ್ ಪ್ರಯೋಗಾಲಯದಲ್ಲಿದ್ದಾಗ ಬರೆದದ್ದು ತಂತಿಯ ಮೇಲೆ ಸಂಕೇತಗಳನ್ನು ಕೆಡದಂತೆ ಸಾಗಿಸುವ ಗಣಿತ. ಅದರಲ್ಲಿ ಅರ್ಥದ ಪ್ರಶ್ನೆಯನ್ನು ಅವರು ಉದ್ದೇಶಪೂರ್ವಕವಾಗಿ ಹೊರಗಿಟ್ಟಿದ್ದರು. ಅದನ್ನು ಮನುಷ್ಯರ ಮಾತುಕತೆಗೆ ಹಾಗೆಯೇ ಅಂಟಿಸಿ ಚಿತ್ರ ಬರೆದು ಹತ್ತು ಅಂಕ ತೆಗೆದವರು ನಾವೆಲ್ಲ. ಹೆಚ್ಚು ಉಪಯೋಗಕ್ಕೆ ಬಂದದ್ದು ಇನ್ನೊಂದು ಅಧ್ಯಯನ. 1940ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಒಹಾಯೊದ ಈರಿ ಕೌಂಟಿಯ ಮತದಾರರನ್ನು ಮಾತಾಡಿಸಿದ ಪೌಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು, ಜನ ಪತ್ರಿಕೆ, ರೇಡಿಯೊಗಳಿಗಿಂತ ತಮ್ಮ ಸುತ್ತಲಿನ ತಿಳಿದವರ ಮಾತಿಗೆ ಹೆಚ್ಚು ಕಿವಿಗೊಡುತ್ತಾರೆಂಬುದನ್ನು ಕಂಡರು. ಹಳ್ಳಿಯಲ್ಲಿ ಬೆಳೆದ ನಮಗೆ ಇದರಲ್ಲಿ ಹೊಸದೇನಿದೆ ಎನ್ನಿಸಬಹುದು. ಆದರೆ ಯೋಜನೆ ರೂಪಿಸುವವರು ಇದನ್ನು ಮತ್ತೆ ಮತ್ತೆ ಮರೆಯುತ್ತಾರೆ.

1975ರ ಆಗಸ್ಟಿನಿಂದ ಒಂದು ವರ್ಷ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ತಲುಪಿಸಿದ ‘ಸೈಟ್’ ಪ್ರಯೋಗ ನಡೆಯಿತು. ನಮ್ಮಲ್ಲಿ ರಾಯಚೂರು, ಗುಲ್ಬರ್ಗ, ವಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಸಾಮೂಹಿಕ ಟಿ.ವಿ. ಸೆಟ್ಟಿನ ಮುಂದೆ ಊರು ಕೂತು ನೋಡಿತು. ಆ ಪ್ರಯೋಗದ ದೊಡ್ಡಸ್ತಿಕೆ ಉಪಗ್ರಹದಲ್ಲಷ್ಟೇ ಇರಲಿಲ್ಲ. ನೋಡಿದವರಿಗೆ ಏನು ತಲುಪಿತೆಂದು ತಿಳಿಯಲು ಸಂಶೋಧಕರನ್ನು ಹಳ್ಳಿಗಳಿಗೆ ಕಳಿಸಿದ್ದೂ ಅಷ್ಟೇ ದೊಡ್ಡದು. ನಾವು ಹೇಳಿದ್ದು ತಲುಪಿತೇ ಎಂದು ಹೋಗಿ ವಿಚಾರಿಸುವುದು ಸಂವಹನ ಶಾಸ್ತ್ರದ ಅರ್ಧ ಪಾಲು. ಲಕ್ಷಾಂತರ ಕರಪತ್ರ ಹಂಚಿದೆವೆಂದು ವರದಿ ಬರೆಯುವ ಇಲಾಖೆಗಳು ಈ ಅರ್ಧವನ್ನು ಬಿಟ್ಟುಬಿಡುತ್ತವೆ.

ತಡೆದು ನಿಲ್ಲಿಸುವುದು

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸ್ಆ್ಯಪ್ ವದಂತಿಯನ್ನು ನಂಬಿದ ಗುಂಪು ಹೈದರಾಬಾದ್ ಕಡೆಯಿಂದ ಬಂದಿದ್ದ ಯುವಕರ ಮೇಲೆ ಬಿತ್ತು. ಒಬ್ಬರು ಪ್ರಾಣ ಕಳೆದುಕೊಂಡರು. ಅದೇ ತಿಂಗಳು ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದೆಂಬ ಮಿತಿ ಘೋಷಿಸಿತು.

ಪತ್ರಿಕೆಯಲ್ಲಿ ಒಂದು ಸಾಲು ಅಚ್ಚಾಗಬೇಕಾದರೆ ವರದಿಗಾರರು, ಉಪಸಂಪಾದಕರು, ಮುಖ್ಯ ಉಪಸಂಪಾದಕರು ಎಂದು ಮೂರು ಜೋಡಿ ಕಣ್ಣು ದಾಟಬೇಕಿತ್ತು. ‘ಇದನ್ನು ಯಾರು ಹೇಳಿದರು? ಅವರು ಕಂಡರೇ, ಕೇಳಿದರೇ? ಇನ್ನೊಬ್ಬರು ಹೇಳುತ್ತಾರೆಯೇ?’ ಎಂದು ಕೇಳುವುದು ಸಂಬಳದ ಕೆಲಸವಾಗಿತ್ತು. ಈಗ ಆ ಮೂವರ ಕೆಲಸವೂ ಫೋನ್ ಹಿಡಿದವರ ಒಂದು ಬೆರಳಿಗೆ ಬಂದಿದೆ. ಬೆರಳಿಗೆ ಯಾರೂ ತರಬೇತಿ ಕೊಟ್ಟಿಲ್ಲ.

ಕಾನೂನಿನ ತಿಳಿವಳಿಕೆಯೂ ಹೀಗೆಯೇ ಎಲ್ಲರದಾಗಬೇಕಾಗಿದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಗುರುತನ್ನು ಮಾಧ್ಯಮದಲ್ಲಿ ಬಯಲು ಮಾಡುವುದನ್ನು 2012ರ ಪೋಕ್ಸೊ ಕಾಯ್ದೆ ನಿಷೇಧಿಸುತ್ತದೆ. ಹೆಸರು ಮಾತ್ರವಲ್ಲ, ವಿಳಾಸ, ಚಿತ್ರ, ಮನೆಯವರ ವಿವರ, ಶಾಲೆ, ನೆರೆಹೊರೆ ಯಾವುದರಿಂದ ಗುರುತು ಸಿಗುವಂತಿದ್ದರೂ ತಪ್ಪು. ಸಣ್ಣ ಊರಿನ ಹೆಸರು, ತಂದೆಯ ಉದ್ಯೋಗ, ಓದುವ ತರಗತಿ ಇಷ್ಟನ್ನು ಮೂರು ಬೇರೆ ವರದಿಗಳು ಒಂದೊಂದಾಗಿ ಬರೆದರೂ ಊರವರಿಗೆ ಮನೆ ಸಿಕ್ಕಿಬಿಡುತ್ತದೆ. ಮಾನಹಾನಿಯ ವಿಷಯದಲ್ಲೂ ‘ನಿಜ ಹೇಳಿದೆ’ ಎಂಬುದೊಂದೇ ರಕ್ಷಣೆಯಾಗದು. ಅದು ಸಾರ್ವಜನಿಕ ಹಿತಕ್ಕಾಗಿ ಇತ್ತೆಂದೂ ತೋರಿಸಬೇಕೆಂದು ದಂಡಸಂಹಿತೆ ಹೇಳುತ್ತಿತ್ತು, ಈಗಿನ ಭಾರತೀಯ ನ್ಯಾಯ ಸಂಹಿತೆಯೂ ಹೇಳುತ್ತದೆ. ಬರೆಯಲು ಕಲಿಸುವ ಕೋರ್ಸು, ಯಾವುದನ್ನು ಬರೆಯದೆ ಬಿಡಬೇಕೆಂಬುದನ್ನೂ ಕಲಿಸುತ್ತದೆ.

ಕೋರ್ಸಿನ ಕೊರತೆ

ಹೊಗಳಿಕೆ ಇಷ್ಟು ಸಾಕು. ನಮ್ಮ ಸಂವಹನ ಶಿಕ್ಷಣದ ಎರಡು ದೌರ್ಬಲ್ಯಗಳನ್ನು ಹೇಳದಿದ್ದರೆ ಈ ಮಾತು ಏಕಪಕ್ಷೀಯವಾಗುತ್ತದೆ.

ಒಂದು, ಓದುವುದು ಇಂಗ್ಲಿಷಿನಲ್ಲಿ, ಕೆಲಸ ಕನ್ನಡದಲ್ಲಿ. ಸಂಪಾದನೆಯ ಪಠ್ಯದಲ್ಲಿ ಇಂಗ್ಲಿಷ್ ಶೀರ್ಷಿಕೆಯ ನಿಯಮಗಳಿರುತ್ತವೆ. ವಿಭಕ್ತಿ ಪ್ರತ್ಯಯ ಸೇರಿ ಉದ್ದವಾಗುವ ಕನ್ನಡ ಪದಗಳನ್ನು ಎರಡು ಕಾಲಮ್ಮಿನಲ್ಲಿ ಹೇಗೆ ಕೂರಿಸಬೇಕೆಂದು ಯಾವ ಪುಸ್ತಕವೂ ಸರಿಯಾಗಿ ಹೇಳುವುದಿಲ್ಲ. ಡೆಸ್ಕಿನಲ್ಲಿ ತಲೆಮಾರುಗಳಿಂದ ಬಾಯಿಂದ ಬಾಯಿಗೆ ಬಂದ ಈ ತಿಳಿವಳಿಕೆಯನ್ನು ಪಠ್ಯಕ್ಕೆ ತರುವ ಕೆಲಸ ಬಾಕಿ ಇದೆ. ಇನ್ನೊಂದು, ಇತರ ಪದವಿಗಳಲ್ಲಿ ಸಂವಹನ ಕೌಶಲವೆಂಬ ಹೆಸರಲ್ಲಿ ನಡೆಯುತ್ತಿರುವುದು ಬಹುಪಾಲು ಇಂಟರ್‌ವ್ಯೂ ತಯಾರಿ: ಸ್ಪೋಕನ್ ಇಂಗ್ಲಿಷ್, ಗ್ರೂಪ್ ಡಿಸ್ಕಷನ್, ಟೈ ಕಟ್ಟುವುದು. ಕೆಲಸ ಹುಡುಕುವ ಮಕ್ಕಳಿಗೆ ಅದೂ ಬೇಕು. ಆದರೆ ಅಲ್ಲಿ ಮತ್ತೆ ಪರೀಕ್ಷಕರೇ ಮರಳಿ ಬಂದರು. ಮೇಜಿನ ಆಚೆ ಕೂತು ಅಂಕ ಹಾಕುವವರನ್ನು ಮೆಚ್ಚಿಸುವುದೇ ಗುರಿಯಾಯಿತು.

ಈಗಂತೂ ನಿರರ್ಗಳ ವಾಕ್ಯಗಳನ್ನು ಯಂತ್ರವೇ ಬರೆದುಕೊಡುತ್ತದೆ. ಮುರ್ಕಿಯಲ್ಲಿ ಏನಾಯಿತೆಂದು ಹೋಗಿ ಕೇಳುವುದು, ಅಳತೆ ಪುಸ್ತಕವನ್ನು ತರಿಸುವುದು, ಓದುವ ತಾಯಿಯ ಆತಂಕ ಯಾವುದೆಂದು ಯೋಚಿಸಿ ಮೊದಲ ಸಾಲು ಆರಿಸುವುದು, ಬರೆದದ್ದಕ್ಕೆ ಹೆಸರು ಹಾಕಿ ಹೊಣೆ ಹೊರುವುದು ಮನುಷ್ಯರ ಪಾಲಿಗೇ ಉಳಿದ ಕೆಲಸ. ನಯವಾದ ಗದ್ಯ ಅಗ್ಗವಾದಷ್ಟೂ ಈ ಕೆಲಸಗಳ ಬೆಲೆ ಏರುತ್ತದೆ.

ಒಂದು ಸಲಹೆ

ಕೊನೆಯದಾಗಿ, ಈ ವೇದಿಕೆಗೇ ಒಂದು ಸಲಹೆ. ವಿಜ್ಞಾನವೋ ವಾಣಿಜ್ಯವೋ ಕಲೆಯೋ, ಪದವಿ ಓದುವ ಪ್ರತಿ ವಿದ್ಯಾರ್ಥಿಯೂ ಮೂರು ವರ್ಷದಲ್ಲಿ ಒಮ್ಮೆಯಾದರೂ ತನಗೆ ಪರಿಚಯವಿಲ್ಲದವರು ಬಳಸುವಂಥ ಒಂದು ಬರಹ ಬರೆಯಲಿ. ರಸಾಯನಶಾಸ್ತ್ರದವರು ಕೀಟನಾಶಕದ ಡಬ್ಬಿಯ ಮೇಲಿನ ಎಚ್ಚರಿಕೆಯನ್ನು ರೈತರಿಗೆ ತಿಳಿಯುವ ಕನ್ನಡದಲ್ಲಿ ಬರೆಯಲಿ. ವಾಣಿಜ್ಯದವರು ಬೆಳೆವಿಮೆಯ ಷರತ್ತುಗಳನ್ನು ಒಂದು ಪುಟಕ್ಕೆ ಇಳಿಸಲಿ. ರಾಜ್ಯಶಾಸ್ತ್ರದವರು ಗ್ರಾಮಸಭೆಯ ನಡಾವಳಿಯನ್ನು ಸಭೆಗೆ ಬರಲಾಗದವರಿಗೆ ತಿಳಿಸಲಿ. ಬರೆದದ್ದನ್ನು ಅಧ್ಯಾಪಕರು ತಿದ್ದುವ ಮೊದಲು ಆ ರೈತರು, ಆ ಮನೆಯವರು ಓದಲಿ. ಓದಿ, ತಾವು ತಿಳಿದುಕೊಂಡದ್ದೇನೆಂದು ತಮ್ಮ ಮಾತಿನಲ್ಲಿ ಹೇಳಲಿ. ಅವರು ಹೇಳಿದ್ದಕ್ಕೂ ಬರೆದದ್ದಕ್ಕೂ ಇರುವ ಅಂತರವೇ ಅಂಕಪಟ್ಟಿ.

ದತ್ತಿಯ ಬಡ್ಡಿಯಲ್ಲಿ ಉಪನ್ಯಾಸದ ಖರ್ಚು ಕಳೆದು ಉಳಿಯುವ ಹಣದಿಂದ ಅಂಥದೊಂದು ಬರಹಕ್ಕೆ ವರ್ಷಕ್ಕೊಂದು ಬಹುಮಾನ ಇಡಬಹುದೇ ಎಂದು ದತ್ತಿಯ ಹಿರಿಯರನ್ನು ವಿನಂತಿಸುತ್ತೇನೆ. ತೀರ್ಪುಗಾರರ ಮಂಡಳಿಯಲ್ಲಿ ಪ್ರಾಧ್ಯಾಪಕರು ಒಬ್ಬರಿದ್ದರೆ ಸಾಕು. ಮಿಕ್ಕವರು ಆ ಬರಹವನ್ನು ನಿಜವಾಗಿ ಬಳಸಬೇಕಾದವರೇ ಆಗಿರಲಿ. ಮೊದಲ ವರ್ಷದ ಬರಹಗಳನ್ನು ಊರೂರಿಗೆ ಒಯ್ದು ಓದಿಸುವ ಓಡಾಟದ ಕೆಲಸ ನನಗೆ ಕೊಡಿ, ಮಾಡುತ್ತೇನೆ.